ಯಾದವಣ್ಣ ತೊಳೆದ ಬೀಕರು

ಯಾದವ ಸಾಲ್ಯಾನ್ ತೊಳೆದ ಗಾಜಿನಲ್ಲಿ ಕೊಳೆ ಹುಡುಕುವವರು ಇನ್ನೂ ಹುಟ್ಟಿ ಬರಬೇಕಷ್ಟೆ ಎಂಬ ಮಾತು ಆ ರಸಾಯನಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷಗಳಿಂದ ಚಾಲ್ತಿಯಲ್ಲಿತ್ತು. ಮೊದಲು ಹಾಗೆ ಹೇಳಿದವರು ಎಂದೋ ನಿವೃತ್ತರಾದ ಒಬ್ಬ ಪ್ರೊಫೆಸರು. ಅದನ್ನು ಇಷ್ಟು ಕಾಲ ನೀರೆರೆದು ಬೆಳೆಸಿದವನು ಸ್ವತಃ ಯಾದವಣ್ಣನೇ. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಒಂದು ಫ್ಲಾಸ್ಕಿಗೆ ನೀರು ಹಾಕಿ ಬಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದ. "ನೋಡಿ, ನೀರು ಒಂದೇ ಸಮ ಇಳೀಬೇಕು. ಹನಿ ಹನಿಯಾಗಿ ನಿಂತರೆ ತೊಳೆದದ್ದಲ್ಲ, ನೆನೆಸಿದ್ದು." ಮಕ್ಕಳು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ತಮಾಷೆಗಲ್ಲ.

ಬೋಳೂರಿನ ಮೀನುಗಾರರ ಮನೆಯವನು. ಅಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋಗುವವರು. ಇವನನ್ನೂ ಎರಡು ಸಲ ಬೋಟಿಗೆ ಹತ್ತಿಸಿದ್ದರು. ಎರಡು ಸಲವೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಹಸಿರು ಮುಖ ಮಾಡಿಕೊಂಡು ದಡಕ್ಕೆ ಬಂದಿದ್ದ. ಪಿಯುಸಿಯಲ್ಲಿ ಫೇಲಾದದ್ದು ಕೆಮಿಸ್ಟ್ರಿಯಲ್ಲಿ, ಕೆಲಸ ಸಿಕ್ಕಿದ್ದು ಕೆಮಿಸ್ಟ್ರಿಯಲ್ಲಿ. ಮೊದಲು ದಿನಗೂಲಿ, ಆಮೇಲೆ ಖಾಯಂ ಲ್ಯಾಬ್ ಅಟೆಂಡರ್. ವಿಭಾಗ ಪೇಟೆಯ ಹಳೆಯ ಕಟ್ಟಡದಿಂದ ವಾಮಂಜೂರು ಕಡೆಯ ಹೊಸ ಕಟ್ಟಡಕ್ಕೆ ಬಂದಾಗ ಒಂದು ಪಿಪೆಟ್ಟೂ ಒಡೆಯದಂತೆ ಎಲ್ಲವನ್ನೂ ಹಳೆ ಸೀರೆಗಳಲ್ಲಿ ಸುತ್ತಿ ಸಾಗಿಸಿದವನು ಅವನೇ. ಈಗ ಐವತ್ತೊಂಬತ್ತು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಸಣ್ಣ ಕೆಲಸದವನ ಒಳ್ಳೆಯ ಹೆಸರನ್ನು ಸಣ್ಣದೆಂದು ತಿಳಿಯಬಾರದು. ದೊಡ್ಡವರಿಗೆ ಹತ್ತು ಹೆಸರಿರುತ್ತವೆ, ಒಂದು ಕೆಟ್ಟರೆ ಇನ್ನೊಂದು, ಇವನಿಗಿದ್ದದ್ದು ಇದೊಂದೇ.

ಹೆಸರಿನ ಜೊತೆಗೆ ಒಂದು ಕಾನೂನೂ ಇತ್ತು. ಲೇಬಲ್ ಇಲ್ಲದ ಪಾತ್ರೆ ಶನಿವಾರ ತೊಟ್ಟಿಗೆ. ಲೇಬಲ್ ಇದ್ದದ್ದನ್ನು ಯಾದವಣ್ಣ ಬೆರಳು ತುದಿಯಿಂದಲೂ ಮುಟ್ಟುವುದಿಲ್ಲ. ಈ ಕಾನೂನನ್ನು ಪ್ರೊಫೆಸರುಗಳೂ ಮೀರುತ್ತಿರಲಿಲ್ಲ. ಅರ್ಧ ತಿಂಗಳ ದುಡಿಮೆಯನ್ನು ಒಂದು ಸಣ್ಣ ಬೀಕರಿನಲ್ಲಿ ಬಿಟ್ಟು ಹೋಗುವ ಸಂಶೋಧನಾ ವಿದ್ಯಾರ್ಥಿಗಳು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದದ್ದು ಅದರ ಮೇಲಿನ ಭರವಸೆಯಿಂದಲೇ.

ಮೋಕ್ಷಾ ಅಂಥ ವಿದ್ಯಾರ್ಥಿಗಳಲ್ಲಿ ಒಬ್ಬಳು. ಹೊಯಿಗೆ ಬಜಾರಿನ ಹುಡುಗಿ, ತಂದೆ ಇಲ್ಲ, ತಾಯಿ ದಮಯಂತಿ ಬಿಜೈ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ತನ್ನದೇ ಜಾತಿಯ, ಮೀನು ನಾರುವ ಬುಟ್ಟಿಗಳ ಮಧ್ಯೆ ಬೆಳೆದ ಹುಡುಗಿಯೊಬ್ಬಳು ಬಿಳಿ ಕೋಟು ಹಾಕಿಕೊಂಡು ಪಿಎಚ್.ಡಿ. ಮಾಡಲು ಬಂದದ್ದು ಯಾದವಣ್ಣನಿಗೆ ತನ್ನ ಮನೆಯಲ್ಲೇ ನಡೆದ ಶುಭಕಾರ್ಯದಂತಿತ್ತು. ಒಳ್ಳೆಯ ಬೀಕರುಗಳನ್ನು ಅವಳಿಗೆಂದು ಹಿಂದಿನ ಸಾಲಿನಲ್ಲಿ ಅಡಗಿಸಿ ಇಡುತ್ತಿದ್ದ. ಇಬ್ಬರೇ ಇದ್ದಾಗ ತುಳು, ಉಳಿದವರಿದ್ದಾಗ ಕನ್ನಡ.

ಮೂರನೇ ವರ್ಷದಲ್ಲಿ ಅವಳು ಒಂದು ಹೊಸ ಸಂಯುಕ್ತ ತಯಾರಿಸಿದಳು. ಎಂ-7 ಎಂದು ಹೆಸರಿಟ್ಟಳು. ಉಳಿದ ಪರೀಕ್ಷೆಗಳೆಲ್ಲ ಸರಿಬಂದಿದ್ದವು. ಬೇಕಾಗಿದ್ದದ್ದು ಅದರ ಒಂದೇ ಒಂದು ಚೊಕ್ಕ ಹರಳು. ಹರಳು ಸಿಕ್ಕರೆ ಅದನ್ನು ಹೊರ ಊರಿನ ದೊಡ್ಡ ಯಂತ್ರಕ್ಕೆ ಕಳಿಸಿ ಅಣುಗಳು ಹೇಗೆ ಕೂತಿವೆ ಎಂದು ತೋರಿಸಬಹುದು, ತೋರಿಸಿದರೆ ಪ್ರಬಂಧ, ಪ್ರಬಂಧ ಬಂದರೆ ಪಿಎಚ್.ಡಿ.ಯ ಅರ್ಧ ದಾರಿ ಮುಗಿದಂತೆ. ಎಂ-7 ಮಾತ್ರ ಹರಳಾಗಲು ಒಪ್ಪಲಿಲ್ಲ. ಕೊನೆಗೆ ಉಳಿದಿದ್ದ ಎರಡು ಚಿಟಿಕೆಯನ್ನು ಸ್ಪಿರಿಟಿನಲ್ಲಿ ಕರಗಿಸಿ, ಬೀಕರಿನ ಬಾಯಿಗೆ ಬೆಳ್ಳಿಕಾಗದ ಕಟ್ಟಿ, ಸೂಜಿಯಿಂದ ನಾಲ್ಕು ತೂತು ಮಾಡಿ, ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟಳು. ನಿಧಾನವಾಗಿ ಆರಿದರೆ ಹರಳು ಕಟ್ಟೀತು ಎಂಬ ಆಸೆ. ಲೇಬಲಿನ ಮೇಲೆ "ಎಂ-7, ಮುಟ್ಟಬೇಡಿ" ಎಂದು ಬರೆದು ಕೆಳಗೊಂದು ಪುಟ್ಟ ಮೀನಿನ ಚಿತ್ರ ಬಿಡಿಸಿದಳು. ಐದು ವಾರ ಕಾದಳು.

ಆರನೇ ವಾರ ತಪಾಸಣಾ ತಂಡ ಬರುವುದಿತ್ತು. ಸೋಮವಾರ, ಮಂಗಳವಾರ ಎರಡು ದಿನ. ಶನಿವಾರ ಮಧ್ಯಾಹ್ನದ ಮೇಲೆ ವಿಭಾಗದ ಮುಖ್ಯಸ್ಥರಾದ ಜಮಾಲುದ್ದೀನ್ ಸರ್ ಬಂದು, "ಯಾದವಣ್ಣ, ಆ ಕಿಟಕಿ ಹತ್ರದ್ದು ಎಲ್ಲ ಒಮ್ಮೆ ಕ್ಲೀನ್ ಆಗ್ಲಿ. ಅಂಗಡಿ ಹಾಗೆ ಕಾಣ್ತದೆ" ಎಂದು ಹೇಳಿ ಹೋದರು. ಯಾದವಣ್ಣ ಹಲಗೆಯ ಮೇಲಿದ್ದದ್ದನ್ನೆಲ್ಲ ಬುಟ್ಟಿಗೆ ತುಂಬಿಕೊಂಡ. ಲೇಬಲಿದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ. ಮೂವತ್ತೊಂದು ವರ್ಷ ಮಾಡಿದ ಕೆಲಸ, ಕೈ ತಾನಾಗಿ ಓಡುತ್ತಿತ್ತು. ಅದೇ ತಪ್ಪಾಯಿತು. ಒಂದು ಸಣ್ಣ ಬೀಕರಿನ ಬೆಳ್ಳಿಕಾಗದ ಕಿತ್ತು, ತೊಟ್ಟಿಗೆ ಬಗ್ಗಿಸಿ, ಬ್ರಶ್ ಹಾಕಿ ತಿರುಗಿಸಿ, ನೀರಿಗೆ ಹಿಡಿದು ಮಗುಚಿ ಇಡುವಾಗ ಅಂಗೈಗೆ ಒದ್ದೆ ಕಾಗದ ತಾಗಿತು. ತಿರುಗಿಸಿ ನೋಡಿದ. ಲೇಬಲ್ ಬೀಕರಿನ ಆ ಬದಿಯಲ್ಲಿತ್ತು. ಅಕ್ಷರ ಹರಡಿತ್ತು. ಮೀನು ಇತ್ತು.

ತೊಟ್ಟಿಯೊಳಗೆ ಇಣುಕಿದ. ನೀರು ಸುತ್ತಿ ಸುತ್ತಿ ತೂತಿನೊಳಗೆ ಇಳಿಯುತ್ತಿತ್ತು. ಅವನು ಕೈಯಿಟ್ಟು ತಡೆದ. ತಡೆದು ಎಂತ ಮಾಡುವುದು?

ಆ ಗಳಿಗೆಯಲ್ಲಿ ಮೋಕ್ಷಾಳಿಗೆ ಫೋನ್ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಫೋನು ಕಿಸೆಯಲ್ಲೇ ಇತ್ತು, ಅವಳ ನಂಬರೂ ಇತ್ತು. ಯಾದವಣ್ಣ ಮಾಡಲಿಲ್ಲ. ಲೇಬಲ್ ಇದ್ದದ್ದನ್ನು ಯಾದವಣ್ಣ ತೊಳೆದನಂತೆ ಎಂಬ ಮಾತು ಕಾರಿಡಾರಿನಲ್ಲಿ ಓಡಾಡುವುದು ಅವನಿಗೆ ಕಣ್ಣಮುಂದೆಯೇ ಕಂಡಿತು. ವಯಸ್ಸಾಯ್ತು, ಕಣ್ಣು ಮಂಜು, ಎಂಟು ತಿಂಗಳು ಹೇಗೋ ಕಳೆಯಲಿ ಪಾಪ. ಆ 'ಪಾಪ' ಎಂಬುದು ಅವನಿಗೆ ಬೇಡವಾಗಿತ್ತು.

ಮುಂದೆ ಮಾಡಿದ್ದನ್ನು ಅವನು ಯಾರೋ ಬೇರೆಯವರು ಮಾಡಿದ್ದೆಂಬಂತೆ ನೆನೆಸಿಕೊಳ್ಳಲು ಬಹಳ ದಿನ ಪ್ರಯತ್ನಪಟ್ಟ, ಆಗಲಿಲ್ಲ. ಬಿ.ಎಸ್ಸಿ. ಮಕ್ಕಳ ಪ್ರಾಕ್ಟಿಕಲ್ಲಿಗೆ ಪ್ರತಿ ವರ್ಷ ಅಸಿಟನಿಲೈಡ್ ಎಂಬ ಬಿಳಿ ಪುಡಿ ತಯಾರಾಗುತ್ತದೆ. ಮಾದರಿಗೆಂದು ಅದನ್ನು ಶುದ್ಧಮಾಡಿ ಬಾಟಲಿಯಲ್ಲಿ ಇಡುವವನು ಯಾದವಣ್ಣನೇ. ಆ ಬಾಟಲಿಯಿಂದ ಎರಡು ಚಿಟಿಕೆ ತೆಗೆದು, ಬಿಸಿ ಸ್ಪಿರಿಟಿನಲ್ಲಿ ಕರಗಿಸಿ, ಸೋಸಿ, ತೊಳೆದ ಬೀಕರಿಗೆ ಹೊಯ್ದ. ಬೆಳ್ಳಿಕಾಗದ ಕಟ್ಟಿ ನಾಲ್ಕು ತೂತು ಮಾಡಿದ. ಹೊಸ ಲೇಬಲಿನ ಮೇಲೆ ಅವಳ ಅಕ್ಷರದಂತೆಯೇ ಬರೆದು, ಮೀನು ಬಿಡಿಸಿ, ಬೀಕರಿಗೆ ಅಂಟಿಸಿ ಮೊದಲಿದ್ದಲ್ಲೇ ಇಟ್ಟ. ಅವಳದ್ದಕ್ಕಿಂತ ಇವನ ಮೀನು ಚೆನ್ನಾಗಿ ಬಂತು, ರೆಕ್ಕೆ ಸಹಿತ.

ಅವನ ಲೆಕ್ಕಾಚಾರ ಹೀಗಿತ್ತು: ಬಿಳಿಯದ್ದು ಏನೋ ಕೂರುತ್ತದೆ, ಮೋಕ್ಷಾ ಅದು ಎಷ್ಟು ಬಿಸಿಗೆ ಕರಗುತ್ತದೆಂದು ನೋಡುತ್ತಾಳೆ, ತನ್ನದಲ್ಲವೆಂದು ಗೊತ್ತಾಗುತ್ತದೆ, ಏನೋ ಕಲಬೆರಕೆ ಎಂದು ಬಿಸಾಡಿ ಹೊಸದಾಗಿ ಎಂ-7 ಮಾಡುತ್ತಾಳೆ. ಲ್ಯಾಬಿನಲ್ಲಿ ದಿನಾ ಹತ್ತು ಬಿಸಾಡುವುದಿಲ್ಲವೇ? ಲೆಕ್ಕಾಚಾರದಲ್ಲಿ ಒಂದು ತಪ್ಪಿತ್ತು. ಯಾದವಣ್ಣನ ಕೈಯಲ್ಲಿ ಹರಳು ಯಾವಾಗಲೂ ಚೆನ್ನಾಗಿ ಬರುತ್ತಿತ್ತು.

ಬುಧವಾರ ಬೆಳಿಗ್ಗೆ ಮೋಕ್ಷಾ ಓಡಿ ಬಂದಳು. "ಯಾದವಣ್ಣ, ಬನ್ನಿ, ಬೇಗ ಬನ್ನಿ." ಕೈ ಹಿಡಿದೇ ಎಳೆದುಕೊಂಡು ಹೋದಳು. ಬೀಕರಿನ ತಳದಲ್ಲಿ ಗಾಜಿನ ಚೂರುಗಳಂಥ ಹರಳುಗಳು ಹೊಳೆಯುತ್ತಿದ್ದವು. "ಬಂತು ಯಾದವಣ್ಣ. ಆರು ವಾರ. ಸರ್‌ಗೂ ಹೇಳ್ಲಿಲ್ಲ, ಮೊದಲು ನಿಮಗೇ ಹೇಳಿದ್ದು." ಅವಳ ಕಣ್ಣಿನಲ್ಲಿ ನೀರು. ಹೇಳಬಹುದಾಗಿದ್ದ ಎರಡನೇ ಗಳಿಗೆ ಅದು. ಅವನು ಹೇಳಿದ್ದು, "ಒಳ್ಳೇದಾಯ್ತು ಮಗಾ."

"ಕರಗುವ ಬಿಸಿ ನೋಡಿದೆಯಾ?" ಎಂದು ಆಮೇಲೆ ಮೆಲ್ಲಗೆ ಕೇಳಿದ. ಅಷ್ಟಾದರೂ ಕೇಳಿದೆನಲ್ಲ ಎಂದು ಮುಂದೆ ಎಷ್ಟೋ ದಿನ ಅದನ್ನು ಹಿಡಿದುಕೊಂಡು ನೇತಾಡಿದ. ಆದರೆ ಅಷ್ಟರಲ್ಲಿ ಅವಳ ಗೈಡ್ ರಾಫೆಲ್ ಸರ್ ಬಂದಾಗಿತ್ತು. ಅವರು ನಲವತ್ತೈದರ, ಸದಾ ಅವಸರದ ಮನುಷ್ಯ. "ಇರುವುದೇ ನಾಲ್ಕು ಹರಳು, ಕರಗಿಸಿ ಹಾಳುಮಾಡ್ಲಿಕ್ಕುಂಟಾ? ಈ ವಾರ ತಲುಪಿದರೆ ಯಂತ್ರದ ಸರದಿಯಲ್ಲಿ ಹೆಸರು ಸೇರ್ತದೆ. ಇವತ್ತೇ ಕಳಿಸು" ಎಂದರು. ಮಧ್ಯಾಹ್ನಕ್ಕೆ ಹರಳು ಕೊರಿಯರಿನಲ್ಲಿ ಹೋಯಿತು.

ಐವತ್ತು ದಿನ ಏನೂ ಸುದ್ದಿ ಬರಲಿಲ್ಲ. ಯಾದವಣ್ಣ ಮನೆಯಲ್ಲಿ ಊಟ ಕಡಿಮೆ ಮಾಡಿದ. ಹೆಂಡತಿ ಜಯ, "ಗ್ಯಾಸಾ ಎಂತ?" ಎಂದು ಕೇಳಿದರೆ ಹೌದೆಂದ. ಕೊನೆಗೆ ಬಂದ ಉತ್ತರದಲ್ಲಿ ಇದ್ದದ್ದು ಎರಡೇ ಸಾಲು. ಕಳಿಸಿದ ಹರಳು ಹೊಸ ಸಂಯುಕ್ತವಲ್ಲ, ಅಸಿಟನಿಲೈಡ್. ದಯವಿಟ್ಟು ಯಂತ್ರದ ಸಮಯ ವ್ಯರ್ಥ ಮಾಡಬೇಡಿ.

ರಾಫೆಲ್ ಸರ್ ಬಾಗಿಲು ಹಾಕಿಕೊಂಡು ಮೋಕ್ಷಾಳೊಡನೆ ಮಾತಾಡಿದರು. ಬಾಗಿಲು ತೆಳುವಾಗಿತ್ತು. "ಅಸಿಟನಿಲೈಡ್ ತಾನಾಗಿ ನಡ್ಕೊಂಡು ಬಂದು ನಿನ್ನ ಬೀಕರಿಗೆ ಬಿತ್ತಾ? ಹರಳು ಬರ್ಲಿಲ್ಲ ಅಂತ ಬಾಟಲಿಯಿಂದ ತೆಗೆದು ಹಾಕಿದ್ದು ನೀನು. ನನ್ನ ಹೆಸರಿನ ಮೇಲೆ ಕಳಿಸಿದೆ." ಮೋಕ್ಷಾ, "ಇಲ್ಲ ಸರ್, ದೇವರಾಣೆ ಇಲ್ಲ" ಎನ್ನುತ್ತಿದ್ದಳು. ಹತ್ತು ದಿನದಲ್ಲಿ ಪ್ರಗತಿ ಪರಿಶೀಲನಾ ಸಮಿತಿ ಕೂರುವುದಿತ್ತು. ಅಲ್ಲಿ ಇದನ್ನು ಮುಂದಿಡುವುದಾಗಿ, ಸರಿಯಾದ ಉತ್ತರ ಇಲ್ಲದಿದ್ದರೆ ಅವಳ ನೋಂದಣಿ ರದ್ದಿಗೆ ತಾವೇ ಬರೆಯುವುದಾಗಿ ಹೇಳಿದರು. ಹೊರಗೆ ಬಂದ ಮೋಕ್ಷಾ ಯಾದವಣ್ಣನ ಮುಂದೆ ನಿಂತು, "ನಾನು ಹಾಗೆ ಮಾಡುವವಳಾ ಯಾದವಣ್ಣ?" ಎಂದು ಕೇಳಿದಳು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಎಂದು ಜನ ಸುಮ್ಮನೆ ಹೇಳುವುದಲ್ಲ ಎಂದು ಅವನಿಗೆ ಆ ದಿನ ತಿಳಿಯಿತು.

ಮರುದಿನ ಅವನು ರಾಫೆಲ್ ಸರ್ ಕೋಣೆಗೆ ಹೋಗಿ, ಕೈ ಕಟ್ಟಿ ನಿಂತು, "ಸರ್, ಅದು ನಾನು ಹಾಕಿದ್ದು" ಎಂದ.

ಸರ್ ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಬದಲು ಪ್ರೀತಿ ಕಂಡಿತು. "ಯಾದವಣ್ಣ, ನಿಮ್ಮ ಕಡೆಯ ಹುಡುಗಿ, ನಿಮಗೆ ಬೇಜಾರಾಗ್ತದೆ, ನನಗೆ ಗೊತ್ತುಂಟು. ಆದರೆ ಅವಳು ಮಾಡಿದ್ದನ್ನು ನಿಮ್ಮ ತಲೆ ಮೇಲೆ ಹಾಕ್ಕೊಳ್ಬೇಡಿ."

"ಇಲ್ಲ ಸರ್, ನಿಜವಾಗಿ ನಾನೇ. ಅವಳದ್ದನ್ನು ಗೊತ್ತಿಲ್ಲದೆ ತೊಳೆದೆ."

"ನೀವು? ಲೇಬಲ್ ಇದ್ದ ಬೀಕರು? ನಾನಿಲ್ಲಿ ಓದಿದವನು ಮಾರಾಯ್ರೇ. ನಿಮ್ಮ ಕೆಲಸ ನನಗೆ ಗೊತ್ತಿಲ್ಲವಾ? ಹೋಗಿ, ಒಂದು ಚಾ ಕುಡಿದು ಬನ್ನಿ."

ಹೇಳಲು ನಾಚಿಕೆಯಾಗುವ ಸಂಗತಿ ಇದು: ಹೊರಗೆ ಬಂದ ಯಾದವಣ್ಣನಿಗೆ ಹಗುರಾಯಿತು. ನಾನು ಹೇಳಿದೆ, ಅವರು ನಂಬಲಿಲ್ಲ, ಇನ್ನೆಂತ ಮಾಡುವುದು ಎಂದು ಅವನ ಮನಸ್ಸು ಒಳಗೊಳಗೇ ತೀರ್ಪು ಬರೆದುಕೊಂಡಿತು. ಆ ಸಂಜೆ ಎರಡು ತುಂಡು ಬಂಗುಡೆ ಮೀನು ಸಾರಿನಲ್ಲಿ ಹಾಕಿಕೊಂಡು ಉಂಡ. ಎರಡು ದಿನ ಒಳ್ಳೆಯ ನಿದ್ದೆಯೂ ಬಂತು. ಬೀಕರು ತೊಳೆದದ್ದಕ್ಕಿಂತ, ಸುಳ್ಳು ಹರಳು ಬೆಳೆಸಿದ್ದಕ್ಕಿಂತ ಆ ಎರಡು ದಿನದ ನಿದ್ದೆಯೇ ಅವನನ್ನು ಇವತ್ತಿಗೂ ಕುಟುಕುತ್ತದೆ. ಮೂರನೇ ದಿನ ಮೋಕ್ಷಾ ತನ್ನ ಬೀರು ಖಾಲಿ ಮಾಡಿ, ಪುಸ್ತಕಗಳನ್ನು ಚೀಲಕ್ಕೆ ತುಂಬುವುದನ್ನು ಕಂಡ. ಅಲ್ಲಿಗೆ ನಿದ್ದೆ ಮುಗಿಯಿತು.

ಸಮಿತಿ ಕೂತ ದಿನ ಒಳಗೆ ಐದು ಜನ. ಜಮಾಲುದ್ದೀನ್ ಸರ್, ರಾಫೆಲ್ ಸರ್, ವಿಭಾಗದ ಇನ್ನಿಬ್ಬರು, ಹೊರಗಿನಿಂದ ಬಂದ ಒಬ್ಬ ಹಿರಿಯ ತಜ್ಞೆ. ಮೋಕ್ಷಾ ಪರದೆಯ ಪಕ್ಕ ನಿಂತಿದ್ದಳು. ಯಾದವಣ್ಣ ಚಹಾದ ತಟ್ಟೆ ಹಿಡಿದು ಒಳಗೆ ಹೋದ. ತಜ್ಞೆ ಕೇಳಿದರು, "ಹಾಗಾದರೆ ಆ ಹರಳು ಎಲ್ಲಿಂದ ಬಂತು?"

"ಗೊತ್ತಿಲ್ಲ ಮೇಡಂ."

"ನಿಮ್ಮ ಬೀಕರು ಇದ್ದಲ್ಲಿಗೆ ಬೇರೆ ಯಾರು ಕೈ ಹಾಕ್ತಾರೆ?"

"ಯಾದವಣ್ಣ ಮಾತ್ರ ಮೇಡಂ. ಆದರೆ ಅವರು ಲೇಬಲ್ ಇದ್ದದ್ದನ್ನು ಮುಟ್ಟುವುದಿಲ್ಲ. ಅವರ ಮೇಲೆ ನಾನು ಹೇಳುವುದಿಲ್ಲ."

ಯಾದವಣ್ಣ ತಟ್ಟೆಯನ್ನು ಮೇಜಿನ ಮೇಲಿಟ್ಟ. ಎರಡು ಕಪ್ಪು ತುಳುಕಿದವು.

"ಮುಟ್ಟಿದ್ದೇನೆ" ಎಂದ. ಆಮೇಲೆ ನಿಲ್ಲಿಸಲಿಲ್ಲ. ಶನಿವಾರ, ಬುಟ್ಟಿ, ತೊಟ್ಟಿ, ಬಿ.ಎಸ್ಸಿ. ಬಾಟಲಿ, ಎರಡು ಚಿಟಿಕೆ, ಬಿಸಿ ಸ್ಪಿರಿಟು, ಎಲ್ಲವನ್ನೂ ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರೆದಂತೆ ಸಾಲಾಗಿ ಹೇಳಿದ. ರಾಫೆಲ್ ಸರ್ ನಡುವೆ ಬಾಯಿ ಹಾಕಿ, "ಮೇಡಂ, ಇವರು ನನ್ನ ಹತ್ರವೂ ಹೀಗೇ ಹೇಳಿದ್ದಾರೆ. ಹುಡುಗಿಯನ್ನು ಉಳಿಸ್ಲಿಕ್ಕೆ ಹೇಳುವುದು. ಬಹಳ ಒಳ್ಳೆಯ ಮನುಷ್ಯ" ಎಂದರು. ಯಾದವಣ್ಣನಿಗೆ ಜೀವನದಲ್ಲಿ ಮೊದಲ ಸಲ ಒಳ್ಳೆಯ ಮನುಷ್ಯ ಎಂಬ ಮಾತು ಬೈಗುಳದಂತೆ ಕೇಳಿಸಿತು.

"ಆ ಬೀಕರು ತರಿಸಿ ಸರ್" ಎಂದ. ಸಾಕ್ಷಿಗೆಂದು ರಾಫೆಲ್ ಸರ್ ಅದನ್ನು ತಮ್ಮ ಬೀರುವಿನಲ್ಲೇ ಇಟ್ಟಿದ್ದರು. ತಂದು ಮೇಜಿನ ಮೇಲಿಟ್ಟರು. ಯಾದವಣ್ಣ ಒಂದು ಕಾಗದ ಎಳೆದುಕೊಂಡು, ಬಗ್ಗಿ, ಎಲ್ಲರ ಮುಂದೆ ಬರೆದ: ಎಂ-7, ಮುಟ್ಟಬೇಡಿ. ಕೆಳಗೆ ಮೀನು. ಈ ಸಲವೂ ರೆಕ್ಕೆ ತಪ್ಪಲಿಲ್ಲ. ಮೋಕ್ಷಾ ಹತ್ತಿರ ಬಂದು ಬೀಕರಿನ ಲೇಬಲನ್ನೂ ಈ ಕಾಗದವನ್ನೂ ನೋಡಿದಳು. "ನನ್ನ ಮೀನಿಗೆ ರೆಕ್ಕೆ ಇರುವುದಿಲ್ಲ ಮೇಡಂ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ತನ್ನ ನೋಟ್‌ಬುಕ್ ತೆರೆದು ಉಳಿದ ಮೀನುಗಳನ್ನು ತೋರಿಸಿದಳು. ಒಂದಕ್ಕೂ ರೆಕ್ಕೆ ಇರಲಿಲ್ಲ. ರಾಫೆಲ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಯಾರನ್ನೂ ನೋಡಲಿಲ್ಲ.

ಮೋಕ್ಷಾಳ ನೋಂದಣಿ ಉಳಿಯಿತು. ಎಂ-7 ಮತ್ತೆ ತಯಾರಿಸಲು ಅವಳಿಗೆ ಆರು ತಿಂಗಳು ಹೆಚ್ಚು ಕೊಟ್ಟರು. ಯಾದವಣ್ಣನಿಂದ ಜಮಾಲುದ್ದೀನ್ ಸರ್ ಲಿಖಿತ ಹೇಳಿಕೆ ಕೇಳಿದರು. ಅವನು ಒಂದೂವರೆ ಪುಟ ಬರೆದುಕೊಟ್ಟ. ಕ್ಷಮೆ ಕೇಳುವ ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆದ. ನೋಟಿಸು ಬರುತ್ತದೆ ಎಂದರು. ಬರಲಿ ಎಂದ.

ಕಾರಿಡಾರಿನಲ್ಲಿ ಮೋಕ್ಷಾ ಕಾಯುತ್ತಿದ್ದಳು. ಬೈಯುತ್ತಾಳೆಂದು ಅವನು ತಯಾರಾಗಿಯೇ ಹೋದ. ಅವಳು ಬೈಯಲಿಲ್ಲ.

"ತೊಳೆದೆ ಅಂತ ಹೇಳಿದ್ದರೆ ನಾನು ಎಂತ ಹೇಳ್ತಿದ್ದೆ ಅಂತ ನಿಮಗನ್ನಿಸಿತು?"

"ಏನೂ ಹೇಳ್ತಿರ್ಲಿಲ್ಲ ನೀನು."

"ಮತ್ತೆ?"

ಅವಳಿಗೆ ಹೆದರಿ ಮಾಡಿದ್ದಾಗಿದ್ದರೆ ಹೇಳಲು ಒಂದು ಮಾತಾದರೂ ಇರುತ್ತಿತ್ತು.

"ಅಮ್ಮನಿಗೆ ಆ ಹರಳಿನ ಫೋಟೊ ಕಳಿಸಿದ್ದೆ" ಎಂದಳು ಮೋಕ್ಷಾ. "ಮಾರ್ಕೆಟಿನಲ್ಲಿ ಎಲ್ಲರಿಗೂ ತೋರಿಸಿದ್ದಾರೆ. ಕದ್ರಿಯ ದೊಡ್ಡ ಮನೆಗಳ ಗಿರಾಕಿಗಳಿಗೂ. ನನಗೆ ಹೇಳ್ಲಿಕ್ಕೆ ಆಗ್ಲಿಲ್ಲ. ನೀವೇ ಹೇಳಿ."

ಮರುದಿನ ಬೆಳಿಗ್ಗೆ ಯಾದವಣ್ಣ ಬಿಜೈ ಮಾರ್ಕೆಟಿಗೆ ಹೋದ. ವ್ಯಾಪಾರದ ಹೊತ್ತು. ದಮಯಂತಿ ಬೂತಾಯಿ ಮೀನಿನ ರಾಶಿಯ ಹಿಂದೆ ಕೂತಿದ್ದಳು. ಅವನನ್ನು ಕಂಡದ್ದೇ ತುಳುವಿನಲ್ಲಿ, "ಬನ್ನಿ ಯಾದವಣ್ಣ, ನಮ್ಮ ಡಾಕ್ಟ್ರ ಲ್ಯಾಬಿನವರು" ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ಕರೆದು ಸ್ಟೂಲು ಎಳೆದಳು. ಅವನು ಕೂರಲಿಲ್ಲ. ನಿಂತೇ ಹೇಳಿದ. ದನಿ ತಗ್ಗಿಸಬೇಕೆಂದು ಹೊರಟವನು ಮೀನು ಕೊಚ್ಚುವ ಸದ್ದಿನಲ್ಲಿ ಗಟ್ಟಿಯಾಗಿಯೇ ಹೇಳಬೇಕಾಯಿತು. ಪಕ್ಕದ ಇಬ್ಬರು ಕತ್ತಿ ನಿಲ್ಲಿಸಿ ಕೇಳಿದರು.

ದಮಯಂತಿ ಕೈಯನ್ನು ಸೆರಗಿಗೆ ಒರೆಸಿ, ಪ್ಲಾಸ್ಟಿಕ್ ಕವರಿನಿಂದ ಫೋನು ತೆಗೆದು, ಫೋಟೊ ಹುಡುಕಿ ಅವನ ಮುಂದೆ ಹಿಡಿದಳು.

"ಹಾಗಾದರೆ ಇದು ಅವಳು ಮಾಡಿದ್ದಲ್ಲವಾ?"

"ಅಲ್ಲ."

"ಯಾರು ಮಾಡಿದ್ದು?"

"ನಾನು."

ಅವಳು ಫೋನನ್ನು ತನ್ನ ಕಡೆ ತಿರುಗಿಸಿ ಫೋಟೊ ನೋಡಿದಳು. "ಚಂದ ಉಂಟು" ಎಂದಳು. ವ್ಯಂಗ್ಯವಾಗಿಯಲ್ಲ, ಒಳ್ಳೆಯ ಮೀನನ್ನು ಒಳ್ಳೆಯದೆಂದು ಹೇಳುವ ಹಾಗೆ. ಅವನಿಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ, ತಲೆ ತಗ್ಗಿಸಿದ.

"ಅವಳದ್ದು ಹೇಗಿತ್ತು?" ಎಂದು ದಮಯಂತಿ ಕೇಳಿದಳು. "ನೀವು ಚೆಲ್ಲಿದ್ದು. ಅದರಲ್ಲಿ ಹರಳು ಬಂದಿತ್ತಾ?"

ಸಮಿತಿಯವರು ಕೇಳದ ಪ್ರಶ್ನೆ. ಮೋಕ್ಷಾಳೂ ಕೇಳಿರಲಿಲ್ಲ, ಬಹುಶಃ ಕೇಳಲು ಧೈರ್ಯ ಬಂದಿರಲಿಕ್ಕಿಲ್ಲ. ಬಂದಿತ್ತು ಎಂದರೆ ತಾಯಿಗೆ ಹೆಮ್ಮೆ, ಬಂದಿರಲಿಲ್ಲ ಎಂದರೆ ಇವನ ತಪ್ಪು ಅರ್ಧ ಕಡಿಮೆ. ಎರಡರಲ್ಲಿ ಒಂದನ್ನು ಹೇಳಿದರೆ ಸುಳ್ಳೆಂದು ಹಿಡಿಯುವವರು ಲೋಕದಲ್ಲಿ ಯಾರೂ ಇರಲಿಲ್ಲ.

"ನಾನು ನೋಡ್ಲಿಲ್ಲ ದಮಯಂತಿ" ಎಂದ ಯಾದವಣ್ಣ. "ನೋಡದೆ ಚೆಲ್ಲಿದೆ."

ಅವಳು ತಲೆಯಾಡಿಸಿ ಫೋನನ್ನು ಮತ್ತೆ ಕವರಿಗೆ ಹಾಕಿದಳು. ಒಬ್ಬ ಗಿರಾಕಿ ಬಂದು ಬೂತಾಯಿ ಹೇಗೆ ಎಂದು ಕೇಳಿದ. ಅವಳು ದರ ಹೇಳಿ ತಕ್ಕಡಿ ಎತ್ತಿಕೊಂಡಳು. ಯಾದವಣ್ಣ ದಾರಿಗೆ ಅಡ್ಡವಾಗಿದ್ದ. ಸ್ವಲ್ಪ ಆಚೆ ನಿಲ್ಲಿ ಎಂದು ಅವಳು ಹೇಳಿದಾಗ ಸರಿದು ನಿಂತ.